ಕಕ್ಕೇರಾ ಸೀಮೆಯಲ್ಲಿ ಒಂದು ರಾತ್ರಿಯ ಬೀಡು

ನಾರಾಯಣಪುರದ ಬಳಿ ಅಣೆಕಟ್ಟಿನ ಬಾಗಿಲುಗಳನ್ನು ದಾಟಿದ ಕೃಷ್ಣೆ ಒಮ್ಮೆಲೇ ತನ್ನ ರೂಪವನ್ನು ಬದಲಿಸುತ್ತಾಳೆ. ಅಣೆಯ ಹಿಂದೆ ಕಡಲಿನಂತೆ ನಿಂತಿದ್ದ ನೀರು ಮುಂದೆ ಕಲ್ಲುಬಂಡೆಗಳ ನಡುವೆ ಕವಲೊಡೆದು, ಅಲ್ಲಲ್ಲಿ ನಡುಗಡ್ಡೆಗಳನ್ನು ಮಡಿಲಲ್ಲಿಟ್ಟುಕೊಂಡು ಪೂರ್ವದ ಕಡೆಗೆ ಹರಿಯುತ್ತದೆ. ಬಲದಂಡೆಯದು ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆ. ಎಡದಂಡೆಯದು ಯಾದಗಿರಿ ಜಿಲ್ಲೆಯ ಸುರಪುರ ಸೀಮೆ. ಈ ಎಡದಂಡೆಗೆ ಸಮೀಪದಲ್ಲಿ, ಎರೆಹೊಲಗಳೂ ಕೆಂಪು ಮರಡಿಗಳೂ ಬೆರೆತ ಬಯಲಿನ ನಡುವೆ, ಕಕ್ಕೇರಾ ಎಂಬ ಪಟ್ಟಣವಿದೆ.

ಬೆಂಗಳೂರು, ಮೈಸೂರುಗಳ ಸಂಸಾರವಂದಿಗರು ರಜೆಯಲ್ಲಿ ಹಂಪೆಗೆ ಹೋಗುತ್ತಾರೆ, ಬಾದಾಮಿಗೆ ಹೋಗುತ್ತಾರೆ, ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತು ಒಬ್ಬರ ಹೆಸರನ್ನು ಇನ್ನೊಬ್ಬರು ಕೂಗಿ ಪ್ರತಿಧ್ವನಿಯನ್ನು ಎಣಿಸಿ ಬರುತ್ತಾರೆ. ಕಕ್ಕೇರಾದ ಕಡೆಗೆ ಹೊರಡುವವರು ವಿರಳ. ಹಾಗೆಂದು ಆ ದಾರಿ ದುರ್ಗಮವೇನಲ್ಲ. ಯಾದಗಿರಿಯವರೆಗೆ ರೈಲಿದೆ. ಅಲ್ಲಿಂದ ಬಸ್ಸು ಹಿಡಿದು ಭೀಮಾನದಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಶಹಾಪುರ; ಅಲ್ಲಿಯ ಬೆಟ್ಟದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ ಎಂದು ಸಹಪ್ರಯಾಣಿಕರು ಕೇಳದೆಯೇ ತೋರಿಸಿಕೊಡುತ್ತಾರೆ. ಅದರ ಮುಂದೆ ಬೇಡ ನಾಯಕರ ರಾಜಧಾನಿಯಾಗಿದ್ದ ಸುರಪುರ. ಸುರಪುರದಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಕಕ್ಕೇರಾ ಸಿಗುತ್ತದೆ. ಬಸ್ಸಿನ ಕಿಟಕಿಯ ಹೊರಗೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳು ಹಸಿರಾಗಿ ಹಬ್ಬಿರುತ್ತವೆ. ಕಾಲುವೆ ಮುಟ್ಟದ ನೆಲದಲ್ಲಿ ತೊಗರಿ, ಹತ್ತಿ, ಶೇಂಗಾ. ಒಂದೇ ಸೀಮೆಯಲ್ಲಿ ಎರಡು ನಾಡುಗಳನ್ನು ನೋಡಿದಂತಾಗುತ್ತದೆ.

ನೋಡುವುದಕ್ಕೆ ಇಲ್ಲಿ ಏನಿದೆ ಎಂದು ಕೇಳುವವರಿಗೆ ಉತ್ತರ ಸುಲಭ. ಪಶ್ಚಿಮಕ್ಕೆ ಹೋದರೆ ಬಸವಸಾಗರವೆಂಬ ನಾರಾಯಣಪುರದ ಜಲಾಶಯ, ಅದರ ಸಮೀಪದಲ್ಲಿ ಛಾಯಾ ಭಗವತಿಯ ಕ್ಷೇತ್ರ. ಹೊಳೆಯ ನಡುವೆ ಜಲದುರ್ಗದ ಹಳೆಯ ಕೋಟೆ. ಪೂರ್ವಕ್ಕೆ ತಿಂಥಣಿ, ಅಲ್ಲಿ ಹಿಂದೂಗಳೂ ಮುಸಲ್ಮಾನರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಮೌನೇಶ್ವರರ ಗದ್ದುಗೆ. ಉತ್ತರಕ್ಕೆ ಹುಣಸಗಿಯ ಕಣಿವೆ, ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳು. ಇವನ್ನೆಲ್ಲ ಒಂದು ಹಗಲಿನಲ್ಲಿ ಮುಗಿಸಿ ಬರಲು ಸಾಧ್ಯವಿಲ್ಲ. ಒಂದು ರಾತ್ರಿಯಾದರೂ ಬೀಡು ಬಿಡಲೇಬೇಕು. ಪ್ರವಾಸಿಯ ಕಷ್ಟ ಪ್ರಾರಂಭವಾಗುವುದು ಈ ಒಂದು ರಾತ್ರಿಯಿಂದ.

ಬೀಡಿನ ನಾಡು

ವಿಚಿತ್ರವೆಂದರೆ, ಬೀಡು ಬಿಡುವ ವಿದ್ಯೆಯಲ್ಲಿ ಈ ಸೀಮೆಯಷ್ಟು ಹಳೆಯ ಅನುಭವವುಳ್ಳ ನೆಲ ಭಾರತದಲ್ಲಿ ಹೆಚ್ಚಿಲ್ಲ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞರಾದ ಕೆ. ಪದ್ದಯ್ಯನವರು 1970ರ ದಶಕದಿಂದ ಹಲವು ವರ್ಷಗಳ ಕಾಲ ಅಲೆದು, ಹಳೆಯ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಬಂಡೆಗಳನ್ನು ಒಡೆದು ಕೈಗೊಡಲಿಗಳನ್ನು ಮಾಡಿದ ಸ್ಥಳವೇ ದೊರೆಯಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷಗಳಷ್ಟಿರಬಹುದೆಂದು ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅಂದಾಜಿಸಲಾಗಿದೆ. ಆ ಕಾಲದ ಜನ ಮಳೆಗಾಲದಲ್ಲಿ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರುತ್ತಿದ್ದರು. ಬೇಸಿಗೆಯಲ್ಲಿ ಬತ್ತದ ಊಟೆಗಳ ಸುತ್ತ ಒಟ್ಟಾಗುತ್ತಿದ್ದರು ಎಂಬುದು ಪದ್ದಯ್ಯನವರ ಅಭಿಪ್ರಾಯ. ಎಂದರೆ ಆ ಆದಿಮಾನವನಿಗೂ ಬೀಡಿನ ನಿಯಮವೊಂದಿತ್ತು. ಆ ನಿಯಮವನ್ನು ಮಾಡಿದ್ದು ನೀರು.

ಇದೇ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ಬೂದಿಗುಡ್ಡವನ್ನು ಅಗೆದಾಗ ದನಗಳ ದೊಡ್ಡಿಯೂ ಅದರ ಪಕ್ಕದಲ್ಲಿ ಮನುಷ್ಯರ ವಸತಿಯೂ ಕಂಡುಬಂದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾರರು ಅಲ್ಲಿ ನೆಲೆಯೂರಿದ್ದರು. ಆ ಪರಂಪರೆ ಪೂರ್ತಿಯಾಗಿ ನಿಂತುಹೋಗಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರು ಇಂದಿಗೂ ಕುರಿಹಟ್ಟಿ ಹಾಕುತ್ತಾರೆ. ಬಲೆಯ ಬೇಲಿಯೊಳಗೆ ಕುರಿ, ಹೊರಗೆ ಕಾವಲಿನ ನಾಯಿ, ಕಂಬಳಿ ಹೊದ್ದ ಮನುಷ್ಯ. ರಾತ್ರಿಯೆಲ್ಲ ಕುರಿ ನಿಂತ ಹೊಲಕ್ಕೆ ಗೊಬ್ಬರ ಸಿಗುತ್ತದೆ. ಕುರಿಗಾರನಿಗೆ ಹೊಲದ ಒಡೆಯನಿಂದ ಕಾಳೋ ಹಣವೋ ಸಿಗುತ್ತದೆ. ಯಾವ ಹೊಲ, ಎಷ್ಟು ರಾತ್ರಿ, ನೀರು ಎಲ್ಲಿ ಎಂಬುದು ಮೊದಲೇ ಮಾತಾಗಿರುತ್ತದೆ. ಕಾಗದವಿಲ್ಲ, ಫಲಕವಿಲ್ಲ. ಬಂದವನಿಗೂ ಲಾಭ, ಬರಮಾಡಿಕೊಂಡವನಿಗೂ ಲಾಭ.

ಡೇರೆ ಹಾಕಿದ ಪ್ರಸಿದ್ಧ ಪುರುಷನೊಬ್ಬನೂ ಈ ಸೀಮೆಯ ಚರಿತ್ರೆಯಲ್ಲಿದ್ದಾನೆ. 1841ರಲ್ಲಿ ಸುರಪುರದ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ವ್ಯವಹಾರವನ್ನು ನೋಡಿಕೊಳ್ಳಲು ಬಂದವನು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್. ಬಂದ ಹೊಸದರಲ್ಲಿ ಅವನ ವಾಸ ಡೇರೆಗಳಲ್ಲಿ. ರಾಣಿ ಈಶ್ವರಮ್ಮನಿಗೆ ಅವನ ಬರವು ಇಷ್ಟವಿರಲಿಲ್ಲ. ಸುತ್ತಲೂ ಆಯುಧಧಾರಿಗಳಾದ ಬೇಡರಿದ್ದರು. ಆದರದ ಸ್ವಾಗತವೇನೂ ಅವನಿಗೆ ದೊರೆಯಲಿಲ್ಲ. ಆದರೂ ಅವನು ಸುಮಾರು ಹನ್ನೆರಡು ವರ್ಷ, 1853ರವರೆಗೆ, ಇಲ್ಲಿದ್ದ. ಬೋನಾಳದ ಕೆರೆಯನ್ನು ಹಿಗ್ಗಿಸಿದ. ಇಂದು ಅದು ಪಕ್ಷಿಧಾಮ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಉಳಿದಿದೆ. ಅನಾದರದಿಂದ ಕಂಡ ಜನರೇ ಕೊನೆಗೆ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಪರದೇಶದವನ ಅಧಿಕಾರದ ವಿಷಯದಲ್ಲಿ ಇಂದಿನವರ ಅಭಿಪ್ರಾಯ ಏನೇ ಇರಲಿ, ನೀರಿಗೆ ದಾರಿ ಮಾಡಿದವನನ್ನು ಈ ನೆಲ ಮರೆಯಲಿಲ್ಲ ಎಂಬುದು ನಿಜ.

ಆಮೇಲೆ ಬಂದದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಅದರ ಕೆಳಗಿನ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು. ಹತ್ತು ಕಿಲೋಮೀಟರಿಗೂ ಉದ್ದವಾದ ಆ ಕಟ್ಟೆಯನ್ನು ಕಟ್ಟಲು ಇಂಜಿನಿಯರುಗಳೂ ಗುಮಾಸ್ತರೂ ಕೂಲಿಕಾರರೂ ಊರಿಗೂರೇ ಬಂದು ನೆಲೆಸಿದರು. ಅವರು ನೆಲೆಸಿದ ಕಡೆಗೆಲ್ಲ ಜನ ಕ್ಯಾಂಪು ಎಂದು ಹೆಸರಿಟ್ಟರು. ಶಹಾಪುರದ ಸಮೀಪದ ಭೀಮರಾಯನಗುಡಿ ಹಾಗೆ ಬೆಳೆದ ಯೋಜನಾ ವಸತಿ. ಸೂಟುಕೇಸು ಹಿಡಿದು ಇಳಿದ ಹೊಸಬ ಕ್ಯಾಂಪು ಎಂಬ ಮಾತನ್ನು ಕೇಳಿ ಡೇರೆಗಳನ್ನು ಹುಡುಕಿದರೆ ಅವನ ಕಣ್ಣಿಗೆ ಬೀಳುವುದು ಬೇವಿನ ಮರಗಳ ನೆರಳಿನ ಸರ್ಕಾರಿ ಮನೆಗಳ ಸಾಲು, ಮತ್ತು ಆ ಸಾಲಿನ ತುದಿಯಲ್ಲಿ ಮೇಲಧಿಕಾರಿಗಳಿಗಾಗಿ ಕಟ್ಟಿದ ಒಂದು ಬಂಗಲೆ.

ಬಂಗಲೆಯ ಮೆಟ್ಟಿಲು

ದಸರೆಯ ರಜೆಯಲ್ಲಿ ಹೀಗೆ ಹೊರಟ ಒಂದು ಸಂಸಾರವನ್ನು ವಾಚಕರು ಕಲ್ಪಿಸಿಕೊಳ್ಳಲಿ. ಯಜಮಾನರಿಗೆ ಬೆಂಗಳೂರಿನಲ್ಲಿ ಬ್ಯಾಂಕಿನ ಉದ್ಯೋಗ. ಗೃಹಿಣಿ, ಹನ್ನೆರಡು ವರ್ಷದ ಮಗ, ಒಂಬತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅಜ್ಜಿ. ಅವರು ತಂಗಲು ಹೊರಟ ಬಂಗಲೆಗೆ ಹೆಸರಿನ ಅಗತ್ಯವಿಲ್ಲ. ಅಂಥ ಬಂಗಲೆ ರಾಜ್ಯದ ಯಾವ ತಾಲ್ಲೂಕಿನಲ್ಲಿಯಾದರೂ ಇರಬಹುದು. ಅಲ್ಲಿ ನಡೆಯುವುದನ್ನೆಲ್ಲ ಎಲ್ಲಿಯೋ ಒಂದು ಕಡೆ ಅನುಭವಿಸದ ಪ್ರವಾಸಿಯೂ ಅಪರೂಪ.

ಸಂಜೆ ನಾಲ್ಕು ಗಂಟೆಗೆ ಸಂಸಾರ ಮೆಟ್ಟಿಲಿನ ಮುಂದೆ ಇಳಿಯಿತು. ವರಾಂಡದಲ್ಲಿ ಕುಳಿತಿದ್ದ ಕಾವಲುಗಾರ ಎದ್ದು ನಿಂತ. ಅವನ ನಮಸ್ಕಾರದಲ್ಲಿ ವಿನಯವಿತ್ತು; ಪ್ರಶ್ನೆಯಲ್ಲಿ ಮಾತ್ರ ಸಡಿಲಿಕೆ ಇರಲಿಲ್ಲ.

“ಸಾಹೇಬ್ರ, ಚೀಟಿ ತಂದೀರೇನ್ರಿ?”

ಯಜಮಾನರು ಮೊಬೈಲನ್ನು ತೆರೆದು ಅನುಮತಿ ಪತ್ರವನ್ನು ತೋರಿಸಿದರು.

“ಇದು ಫೋನಿನ್ಯಾಗ ಐತ್ರೀ. ನಮಗ ಕಾಗದದ ಮ್ಯಾಲ ಸಿಕ್ಕಾ ಬೇಕ್ರಿ.”

ಕಾಗದವನ್ನು ಪಟ್ಟಣದ ಅಂಗಡಿಯೊಂದರಲ್ಲಿ ಮುದ್ರಿಸಿ ತರುವುದಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತು ಅಜ್ಜಿ ಮೆಟ್ಟಿಲಿನ ಮೇಲೆ ಕುಳಿತಿದ್ದರು. ವರಾಂಡದಲ್ಲಿ ನಾಲ್ಕು ಬೆತ್ತದ ಕುರ್ಚಿಗಳಿದ್ದವು. ಅನುಮತಿ ಊರ್ಜಿತವಾಗುವ ಮೊದಲು ಅವುಗಳ ಮೇಲೆ ಕೂಡಿಸುವ ಅಧಿಕಾರ ಕಾವಲುಗಾರನಿಗಿರಲಿಲ್ಲ. “ಅವ್ವಾರ, ಬ್ಯಾಸರಾ ಮಾಡಿಕೊಬ್ಯಾಡ್ರಿ, ನನ್ನ ಕೈಯಾಗ ಏನೂ ಇಲ್ಲ” ಎಂದು ಅವನೇ ತನ್ನ ತಂಬಿಗೆಯಿಂದ ಅವರಿಗೆ ನೀರು ಕೊಟ್ಟ. ಆ ನೀರಿನಲ್ಲಿದ್ದ ಆದರ ಬಂಗಲೆಯದಲ್ಲ, ಆ ಮನುಷ್ಯನದು.

ಒಳಗೆ ಹೋದ ಕೂಡಲೇ ಎದುರಿಗೆ ಗೋಡೆಯ ಮೇಲೆ ದೊಡ್ಡದೊಂದು ಫಲಕ. ಅಡಿಗೆ ಮಾಡಕೂಡದು. ಹಾಸಿಗೆಯ ಮೇಲೆ ಊಟ ಮಾಡಕೂಡದು. ಹೂ ಕೀಳಕೂಡದು. ಬಟ್ಟೆ ಒಗೆದು ಹೊರಗೆ ಹರವಕೂಡದು. ರಾತ್ರಿ ಒಂಬತ್ತರ ನಂತರ ಬಾಗಿಲು ತೆರೆಯಲಾಗದು. ಬಿಸಿನೀರು ಬೆಳಗ್ಗೆ ಆರರಿಂದ ಏಳರವರೆಗೆ ಮಾತ್ರ. ಅಧಿಕಾರಿಗಳು ಆಗಮಿಸಿದಲ್ಲಿ ಕೊಠಡಿಯನ್ನು ತಕ್ಷಣ ತೆರವು ಮಾಡತಕ್ಕದ್ದು. ಮಗ ಎಣಿಸಿದ, ಒಟ್ಟು ಇಪ್ಪತ್ತೊಂದು ಸಾಲು. ಅಕ್ಷರಗಳೆಲ್ಲ ಒಂದೇ ಗಾತ್ರ, ಒಂದೇ ಬಣ್ಣ. ಹದಿನೇಳನೆಯ ಸಾಲು “ನದಿಗೆ ಇಳಿಯಕೂಡದು” ಎಂದಿತ್ತು. ಹದಿನಾರನೆಯದು ಗೋಡೆಗೆ ಮೊಳೆ ಹೊಡೆಯುವ ವಿಷಯ. ಹದಿನೆಂಟನೆಯದು ಸಾಬೂನಿನ ವಿಷಯ.

ಅಜ್ಜಿಗೆ ರಾತ್ರಿ ಒಂದಿಷ್ಟು ಗಂಜಿ ಬೇಕಿತ್ತು. ಅಡಿಗೆಮನೆಗೆ ಬೀಗ. ಗೃಹಿಣಿ ತಂದಿದ್ದ ಸಣ್ಣ ವಿದ್ಯುತ್ ಒಲೆಯನ್ನು ಹಚ್ಚಲು ಅಪ್ಪಣೆಯಿಲ್ಲ. ಮಗಳು ಅಂಗಳದಲ್ಲಿ ಬಿದ್ದಿದ್ದ ಕಣಗಿಲೆ ಹೂವನ್ನು ಎತ್ತಿಕೊಂಡಾಗಲೂ “ಬ್ಯಾಡ್ರಿ ಅಕ್ಕಾರ” ಎಂಬ ದನಿ ಬಂತು. ಕಿತ್ತದ್ದಲ್ಲ, ಬಿದ್ದದ್ದು ಎಂದು ಅವಳು ವಾದಿಸಿದಳು. ನಿಯಮದಲ್ಲಿ ಆ ಭೇದವಿರಲಿಲ್ಲ. ರಾತ್ರಿ ಎಂಟು ಗಂಟೆಗೆ ಫೋನು ಬಂದು, ಮರುದಿನ ಒಬ್ಬ ಅಧಿಕಾರಿಗಳು ಬರುವ ಸಂಭವವಿದೆ, ಬೆಳಗ್ಗೆ ಎಂಟರೊಳಗೆ ಎರಡು ಕೋಣೆಗಳಲ್ಲಿ ಒಂದನ್ನು ಬಿಡಬೇಕು ಎಂದು ತಿಳಿಯಿತು. ಎರಡು ರಾತ್ರಿಗೆಂದು ಹಣ ಕಟ್ಟಿದ್ದ ಸಂಸಾರ ಒಂದೇ ರಾತ್ರಿಗೆ ಗಂಟು ಕಟ್ಟಲು ನಿಶ್ಚಯಿಸಿತು.

ಬೆಳಗ್ಗೆ, ಗಾಡಿ ಬರುವ ಮುಂಚೆ, ಮಕ್ಕಳಿಬ್ಬರೂ ಹೊಳೆಯ ಕಡೆಗೆ ಓಡಿದರು. ಹಿಂದಿನ ಸಂಜೆಯಿಂದ ಕೂಡದು ಎಂಬ ಮಾತನ್ನು ಅವರು ಎಷ್ಟು ಸಲ ಕೇಳಿದ್ದರೆಂದರೆ, ಅದಕ್ಕೆ ಅರ್ಥವೇ ಉಳಿದಿರಲಿಲ್ಲ. ಬಿದ್ದ ಹೂವನ್ನು ಎತ್ತುವುದೂ ಅಪರಾಧ, ನೀರಿಗೆ ಇಳಿಯುವುದೂ ಅಪರಾಧ, ಎರಡೂ ಸಮ. ಹೊಳೆಯಲ್ಲಿ ನೀರು ಹೆಚ್ಚಿರಲಿಲ್ಲ. ಬಂಡೆಯಿಂದ ಬಂಡೆಗೆ ಹಾರುತ್ತ ಅವರು ನಡುವಿನವರೆಗೆ ಹೋದರು.

ದಡದ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಅದನ್ನು ಕಂಡ. ಅವನು ಬೈಯಲಿಲ್ಲ, ನಿಯಮ ಹೇಳಲಿಲ್ಲ. “ಏ ತಮ್ಮಾ, ತಂಗೀನ ಕರಕೊಂಡು ಮ್ಯಾಲ ಬಾರೋ! ಆ ಕಲ್ಲಿನ ಮ್ಯಾಲಿನ ಗೆರಿ ನೋಡು. ಡ್ಯಾಮಿನ್ಯಾಗ ಗೇಟ ತಗದರ ನೀರು ಅಲ್ಲೀತನಕ ಬರ್ತದ. ಸಪ್ಪಳ ಮಾಡಂಗಿಲ್ಲ ಅದು” ಎಂದು ಕೂಗಿದ. ಹುಡುಗ ಬಂಡೆಯನ್ನು ನೋಡಿದ. ಅವನ ತಲೆಗಿಂತ ಎರಡಾಳು ಎತ್ತರದಲ್ಲಿ ನೀರಿನ ಬಿಳಿಯ ಗೆರೆ ಇತ್ತು. ಅವನು ಮರುಮಾತಾಡದೆ ತಂಗಿಯ ಕೈ ಹಿಡಿದು ದಡಕ್ಕೆ ಬಂದ. ಇಪ್ಪತ್ತೊಂದು ಸಾಲುಗಳಿಗೆ ಬಗ್ಗದ ಹುಡುಗ, ಒಂದು ಗೆರೆಗೆ ಬಗ್ಗಿದ.

ನಿಯಮದ ವಂಶಾವಳಿ

ಕಾವಲುಗಾರನನ್ನು ದೂರುವುದು ಸುಲಭ, ಅದು ನ್ಯಾಯವಲ್ಲ. ಅವನು ನಿಯಮವನ್ನು ಮಾಡಿದವನಲ್ಲ, ಅದರ ಕೆಳಗೆ ಬದುಕುವವನು. ಒಂದು ಚಾದರ ಕಡಿಮೆಯಾದರೆ ಲೆಕ್ಕ ಕೊಡಬೇಕಾದವನು ಅವನು. ಬಂಗಲೆಯ ಗೋಡೆಯ ಮೇಲಿನ ಫಲಕಕ್ಕೆ ದೊಡ್ಡ ವಂಶಾವಳಿಯೇ ಇದೆ. ಕಂಪನಿ ಸರ್ಕಾರದ ಕಾಲದಲ್ಲಿ ಅಂಚೆಯ ರಸ್ತೆಗಳ ಉದ್ದಕ್ಕೂ ಡಾಕ್ ಬಂಗಲೆಗಳು ಎದ್ದವು. ಅಲ್ಲಿ ಒಬ್ಬ ಖಾನಸಾಮ, ಒಂದು ದಾಖಲೆ ಪುಸ್ತಕ, ಗೋಡೆಯ ಮೇಲೆ ಚೌಕಟ್ಟು ಹಾಕಿದ ನಿಯಮಾವಳಿ. ಬಂದ ಪ್ರಯಾಣಿಕನಿಗೆ ಇಪ್ಪತ್ತನಾಲ್ಕು ಗಂಟೆಗಳ ಹಕ್ಕು. ಅದರ ಮೇಲೆ ಇನ್ನೊಬ್ಬ ಪ್ರಯಾಣಿಕ ಬಂದರೆ ಮೊದಲಿನವನು ಜಾಗ ಬಿಡಬೇಕು. ನಿಯಮ ಕಠಿಣವಾಗಿ ತೋರಿದರೂ ಅದರಲ್ಲಿ ಒಂದು ತರ್ಕವಿತ್ತು. ಮುಂದಿನ ಬಂಗಲೆ ಒಂದು ಹಗಲಿನ ದಾರಿ. ದಣಿದು ಬಂದವನಿಗೆ ಎಡೆ ಸಿಗಬೇಕು. ಮೊದಲು ಬಂದವನ ಮೇಲಿನ ಕಟ್ಟುನಿಟ್ಟು ಆಮೇಲೆ ಬರುವವನ ಮೇಲಿನ ದಯೆಯಾಗಿತ್ತು.

ಆಮೇಲೆ ಲೋಕೋಪಯೋಗಿ, ನೀರಾವರಿ ಇಲಾಖೆಗಳು ತಮ್ಮ ಅಧಿಕಾರಿಗಳ ತಪಾಸಣೆಯ ಸೌಕರ್ಯಕ್ಕಾಗಿ ಬಂಗಲೆಗಳನ್ನು ಕಟ್ಟಿಸಿದವು. ಅಲ್ಲಿ ಸಾರ್ವಜನಿಕರಿಗೆ ಸ್ಥಳ ದೊರೆಯುವುದು ಅನುಗ್ರಹದಿಂದ, ಹಕ್ಕಿನಿಂದಲ್ಲ. ಅಧಿಕಾರಿಯ ವಾಹನ ಬಾಗಿಲಿಗೆ ಬಂದರೆ ಅತಿಥಿ ಏಳಬೇಕು. ಕಟ್ಟಿದ ಉದ್ದೇಶವೇ ಅದಾಗಿರುವಾಗ ಅದನ್ನು ಅನ್ಯಾಯವೆನ್ನುವಂತಿಲ್ಲ. ಆದರೆ ಕಾಲ ಬದಲಾಗಿದೆ. ಅಣೆಕಟ್ಟಿನ ಕೆಲಸ ಮುಗಿದು ದಶಕಗಳು ಕಳೆದಿವೆ. ಅದನ್ನು ನೋಡಲು ಬರುವವರು ಹೆಚ್ಚಿದ್ದಾರೆ. ಬಂಗಲೆಯ ಬಾಗಿಲು ತೆರೆದರೂ ಫಲಕ ಮಾತ್ರ ಹಳೆಯದೇ ಉಳಿಯಿತು. ಪ್ರತಿಯೊಂದು ದೂರಿನ ನಂತರ ಒಂದೊಂದು ಸಾಲು ಸೇರಿತೇ ಹೊರತು ಒಂದೂ ಕಳೆಯಲಿಲ್ಲ. ಯಾರೋ ಒಬ್ಬರು ಗೋಡೆಗೆ ಮೊಳೆ ಹೊಡೆದರು. ಎಲ್ಲರಿಗೂ ಒಂದು ನಿಯಮ. ಯಾರೋ ಒಬ್ಬರು ಸಾಬೂನು ಒಯ್ದರು, ಎಲ್ಲರಿಗೂ ಇನ್ನೊಂದು. ಹೀಗೆ ಬೆಳೆದ ಪಟ್ಟಿಯಲ್ಲಿ ಹಿಂದೆ ಬಂದುಹೋದ ಅವಿವೇಕಿಗಳ ಚರಿತ್ರೆ ಇದೆ. ಈಗ ಬಂದು ನಿಂತಿರುವ ಅತಿಥಿಯ ನೆನಪಿಲ್ಲ.

ಖಾಸಗಿಯವರು ನಡೆಸುವ ಡೇರೆಬೀಡುಗಳಲ್ಲಿಯೂ ತೋಟದ ಮನೆಗಳಲ್ಲಿಯೂ ಈಚೆಗೆ ಇದೇ ರೋಗ ಕಾಣಿಸಿಕೊಳ್ಳುತ್ತಿದೆ. ಮುಂಗಡ ಹಣವನ್ನು ಪಡೆಯುವಾಗ ನಗು. ಗೇಟಿನ ಒಳಗೆ ಬಂದ ಮೇಲೆ ಪಟ್ಟಿ. ಮಾಲೀಕರ ದೃಷ್ಟಿಯಲ್ಲಿ ಅತಿಥಿಯೆಂದರೆ ಇನ್ನೂ ಅಪರಾಧ ಮಾಡದಿರುವ ಅಪರಾಧಿ. ಅವನು ಹಣ ತೆತ್ತು ಅನುಮಾನವನ್ನು ಕೊಂಡುಕೊಳ್ಳುತ್ತಾನೆ.

ಹೊಳೆಯ ಕಟ್ಟಳೆ

ಇಷ್ಟಾದರೂ ಕಟ್ಟುನಿಟ್ಟೇ ಬೇಡವೆಂದು ಹೇಳುವಂತಿಲ್ಲ. ಈ ಸೀಮೆಯಲ್ಲಂತೂ ಆ ಮಾತು ಸಲ್ಲದು. ಇಲ್ಲಿ ನಿಜವಾದ ಕಟ್ಟುನಿಟ್ಟಿನ ಒಡತಿಯೊಬ್ಬಳಿದ್ದಾಳೆ. ಅವಳ ಹೆಸರು ಕೃಷ್ಣೆ.

ಬಸವಸಾಗರದಲ್ಲಿ ಹಿಡಿಯುವುದು ಸುಮಾರು 33 ಟಿ.ಎಂ.ಸಿ. ನೀರು. ಅದರ ಮೇಲಿನ ಆಲಮಟ್ಟಿಯಲ್ಲಿ 123 ಟಿ.ಎಂ.ಸಿ. ಮಹಾಬಲೇಶ್ವರದ ಕಡೆ ಮಳೆ ಸುರಿದು ಆಲಮಟ್ಟಿ ತುಂಬಿದರೆ, ಅಲ್ಲಿ ಬಿಟ್ಟ ನೀರನ್ನು ಚಿಕ್ಕದಾದ ನಾರಾಯಣಪುರ ಬಹಳ ಹೊತ್ತು ಹಿಡಿದಿಡಲಾರದು. ಅದು ಕೆಳಕ್ಕೆ ಬಿಡಲೇಬೇಕು. ಕಕ್ಕೇರಾದ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ದಿನ ಹೊಳೆ ಏರುವುದು ಹೀಗೆ. 2019ರ ಆಗಸ್ಟಿನ ಮಹಾಪೂರದಲ್ಲಿ ಇಲ್ಲಿಂದ ಸೆಕೆಂಡಿಗೆ 6 ಲಕ್ಷ ಘನ ಅಡಿಗೂ ಹೆಚ್ಚು ನೀರನ್ನು ಹೊರಬಿಡಲಾಯಿತು. ಹೊಳೆಯಂಚಿನ ಊರುಗಳಲ್ಲಿ ಅಂಥ ವೇಳೆ ಡಂಗುರ ಸಾರುತ್ತಾರೆ. ಊರವರಿಗೆ ಅದು ತಿಳಿಯುತ್ತದೆ. ನಿನ್ನೆ ಬಂದ ಪ್ರವಾಸಿಗೆ ಡಂಗುರದ ಅರ್ಥವೂ ತಿಳಿಯದು, ಬಂಡೆಯ ಗೆರೆಯೂ ಕಾಣದು.

ಕಕ್ಕೇರಾದ ಸಮೀಪ ಹೊಳೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಸಣ್ಣ ಊರಿದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಊರು ಹೊರಗಿನ ಲೋಕದಿಂದ ಕಡಿದುಹೋಗುತ್ತಿತ್ತು. 2014ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು, ಗಡ್ಡೆಯಲ್ಲಿ ಹೆರಿಗೆಯ ಸೌಕರ್ಯವಿಲ್ಲವೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತನ್ನ ಮನೆಯ ಗಂಡಸರ ಬೆಂಗಾವಲಿನಲ್ಲಿ ತುಂಬಿದ ಹೊಳೆಯನ್ನು ಈಜಿ ಕಕ್ಕೇರಾದ ಕಡೆಯ ದಡವನ್ನು ಸೇರಿದಳು. ಆ ಸುದ್ದಿ ದೇಶದ ಹೊರಗಿನ ಪತ್ರಿಕೆಗಳಲ್ಲಿಯೂ ಅಚ್ಚಾಯಿತು. ಓದಿದವರು ಅವಳ ಸಾಹಸವನ್ನು ಕೊಂಡಾಡಿದರು. ಆದರೆ ಅದು ಸಾಹಸಕ್ಕಾಗಿ ಮಾಡಿದ ಸಾಹಸವಲ್ಲ. ಹೊಳೆಯ ಕಟ್ಟಳೆಯನ್ನು ಹುಟ್ಟಿನಿಂದ ಬಲ್ಲವಳು, ಆ ಕಟ್ಟಳೆಯನ್ನು ಮೀರದೆ ಬೇರೆ ದಾರಿಯಿಲ್ಲದಾಗ, ಬಲ್ಲವರ ಜೊತೆಯಲ್ಲಿ ನೀರಿಗಿಳಿದಳು.

ಕಟ್ಟಳೆಯನ್ನು ಅರಿಯದೆ ನೀರಿಗಿಳಿದವರ ಕಥೆ ಬೇರೆ. ಅದೇ 2014ರ ಜೂನ್ 8ರಂದು ಹಿಮಾಚಲ ಪ್ರದೇಶದಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಂತು. ನೋಡನೋಡುತ್ತಿದ್ದಂತೆ 24 ಮಂದಿ ವಿದ್ಯಾರ್ಥಿಗಳು ಕೊಚ್ಚಿಹೋದರು. ಸಮಯಕ್ಕೆ ಒಂದು ಮಾತು, ಅರ್ಥವಾಗುವಂಥ ಒಂದೇ ಮಾತು, ಅವರ ಕಿವಿಗೆ ಬಿದ್ದಿದ್ದರೆ ಸಾಕಾಗಿತ್ತು.

ಅತಿಯಾದ ನಿಯಮದ ನಿಜವಾದ ದೋಷ ಇಲ್ಲಿದೆ. ಅದು ಅತಿಥಿಯ ಸಂತೋಷವನ್ನು ಕೆಡಿಸುತ್ತದೆ ಎಂಬುದು ಸಣ್ಣ ಮಾತು. ಕೆಟ್ಟ ರಜೆಯನ್ನು ಮುಂದಿನ ರಜೆಯಲ್ಲಿ ಮರೆಯಬಹುದು. ಇಪ್ಪತ್ತು ಸಲ್ಲದ ನಿಯಮಗಳ ನಡುವೆ ಸಲ್ಲುವ ಒಂದು ನಿಯಮವನ್ನು ಅದು ಹುಗಿದುಬಿಡುತ್ತದೆ ಎಂಬುದು ದೊಡ್ಡ ಮಾತು. ಹೂವಿಗೂ ಹೊಳೆಗೂ ಒಂದೇ ದನಿಯಲ್ಲಿ ಕೂಡದು ಎಂದವನು ಹೊಳೆಯ ವಿಷಯದಲ್ಲಿ ಏನನ್ನೂ ಹೇಳಿದಂತಾಗಲಿಲ್ಲ.

ತಿಂಥಣಿಯ ದಡ

ಬೀಡು ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ವರ್ಷಕ್ಕೊಮ್ಮೆ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆ ಕೂಡುತ್ತದೆ. ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ. ಕೃಷ್ಣೆಯ ದಡದಲ್ಲಿ ಎಡೆ ಸಿಕ್ಕಲ್ಲಿ ಗಂಟು ಇಳಿಸಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಾರೆ. ಒಂದು ಸಂಸಾರದ ರೊಟ್ಟಿ ಬೇಯುವ ಹೊತ್ತಿಗೆ ಪಕ್ಕದ ಸಂಸಾರದ ಪುಂಡಿಪಲ್ಯ ಸಿದ್ಧವಾಗಿರುತ್ತದೆ. ಒಂದರಿಂದ ಇನ್ನೊಂದಕ್ಕೆ ತಟ್ಟೆಗಳು ಓಡಾಡುತ್ತವೆ.

ಅಲ್ಲಿ ನಿಯಮವಿಲ್ಲವೆಂದು ತಿಳಿಯಬಾರದು. ಚಪ್ಪಲಿಯನ್ನು ಎಲ್ಲಿ ಬಿಡಬೇಕು, ಯಾವ ಕಡೆಯಿಂದ ನೀರು ತುಂಬಬೇಕು, ಯಾವ ಕಡೆ ಬಟ್ಟೆ ಒಗೆಯಬೇಕು, ಹೊಳೆಯಲ್ಲಿ ಎಲ್ಲಿಯವರೆಗೆ ಇಳಿಯಬಹುದು ಎಂಬುದೆಲ್ಲ ಕಟ್ಟಳೆಗೊಳಪಟ್ಟದ್ದೇ. ಅದನ್ನು ಹೇಳುವ ರೀತಿ ಮಾತ್ರ ಬೇರೆ. ಹೊಸಬನೊಬ್ಬ ಸುಳಿಯಿರುವ ಕಡೆಗೆ ಹೆಜ್ಜೆ ಹಾಕಿದರೆ ಪಕ್ಕದ ಒಲೆಯ ಮುಂದಿನ ಮುದುಕಿ ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸಿ, “ಯಪ್ಪಾ, ಆ ಕಡಿಗಿ ಹೋಗಬ್ಯಾಡ, ಮಡುವು ಐತಿ” ಎನ್ನುತ್ತಾಳೆ. ಎಲ್ಲಿಗೆ ಹೋಗಬಾರದು ಎಂಬುದರ ಜೊತೆಗೆ ಏಕೆ ಹೋಗಬಾರದು ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಕಾರಣ ತಿಳಿದ ನಿಯಮವನ್ನು ಪಾಲಿಸುವುದು ಮನುಷ್ಯನಿಗೆ ಅವಮಾನವೆನಿಸುವುದಿಲ್ಲ.

ನಮ್ಮ ಹಿಂದಿನ ಛತ್ರಗಳೂ ಮಠದ ದಾಸೋಹಗಳೂ ಈ ಮಾರ್ಗದಲ್ಲಿಯೇ ನಡೆದು ಬಂದವು. ಅಲ್ಲಿಯ ಮೊದಲ ನಿಯಮ ಬಂದವನಿಗಲ್ಲ, ಬರಮಾಡಿಕೊಂಡವನಿಗೆ: ಹಸಿದವನನ್ನು ಕಾಯಿಸಬಾರದು, ವೃದ್ಧರನ್ನು ನಿಲ್ಲಿಸಬಾರದು. ಬಂದವನ ನಿಯಮಗಳು ಆಮೇಲಿನವು. ಬಂಗಲೆಯ ಫಲಕದಲ್ಲಿ ಮಾಲೀಕನ ಕರ್ತವ್ಯವನ್ನು ಹೇಳುವ ಒಂದು ಸಾಲಾದರೂ ಇದ್ದರೆ, ಉಳಿದ ಸಾಲುಗಳನ್ನು ಅತಿಥಿ ಸಮಾಧಾನದಿಂದ ಓದಿಯಾನು.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2010ರಲ್ಲಿ. ಅಲ್ಲಿಯವರೆಗೆ ಈ ಸೀಮೆ ಗುಲ್ಬರ್ಗಾ ಜಿಲ್ಲೆಯ ದಕ್ಷಿಣದ ಅಂಚಾಗಿ ದೂರದಲ್ಲಿಯೇ ಉಳಿದಿತ್ತು. ಹನ್ನೆರಡು ಲಕ್ಷ ವರ್ಷದ ಕಲ್ಲಿನ ಕೊಡಲಿ, ಬೇಡ ನಾಯಕರ ಗುಡ್ಡ, ಬೋನಾಳದ ಹಕ್ಕಿಗಳು, ತಿಂಥಣಿಯ ಗದ್ದುಗೆ, ಇವುಗಳಲ್ಲಿ ಒಂದನ್ನೂ ನಾಡಿನ ಹೆಚ್ಚಿನ ಮಕ್ಕಳು ಕಂಡಿಲ್ಲ. ಬಂದ ಸಂಸಾರ ಎರಡನೆಯ ರಾತ್ರಿ ನಿಲ್ಲದೆ ಹೊರಟುಹೋದರೆ ಬಂಗಲೆಗೆ ಬಾಡಿಗೆಯ ನಷ್ಟ ಅಲ್ಪ. ಹುಣಸಗಿಯ ಕಣಿವೆಯನ್ನು ಕಾಣದೆ ಹಿಂದಿರುಗಿದ ಆ ಎರಡು ಮಕ್ಕಳ ನಷ್ಟ ಅಲ್ಪವಲ್ಲ. ಅವರು ಊರಿಗೆ ಹೋಗಿ ಗೆಳೆಯರಿಗೆ ಹೇಳುವ ಮಾತಿನಿಂದ ಈ ಸೀಮೆಗಾಗುವ ನಷ್ಟವೂ ಅಲ್ಪವಲ್ಲ.

ಅತ್ತ ಹೊರಡುವ ಸಂಸಾರಗಳು ಕೆಲವು ವಿಷಯಗಳನ್ನು ನೆನಪಿನಲ್ಲಿಡುವುದು ಮೇಲು. ಚಳಿಗಾಲ ಪ್ರಯಾಣಕ್ಕೆ ಹಿತ. ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಮಕ್ಕಳಿಗೂ ವೃದ್ಧರಿಗೂ ಸಹಿಸಲಸಾಧ್ಯ. ಅನುಮತಿ ಪತ್ರವಿದ್ದರೆ ಕಾಗದದ ಮೇಲಿನ ಪ್ರತಿಯೊಂದು ಕೈಯಲ್ಲಿರಲಿ. ಸಾಧ್ಯವಾದರೆ ಸುರಪುರದಲ್ಲಿಯೋ ಶಹಾಪುರದಲ್ಲಿಯೋ ತಂಗಿ, ಹಗಲು ಇತ್ತ ಬಂದು ಹೋಗುವುದು ಅನುಕೂಲ. ಹೊಳೆಗೆ ಇಳಿಯುವ ಮುನ್ನ ದಡದಲ್ಲಿರುವ ಕುರಿಗಾರನನ್ನೋ ಹರಿಗೋಲಿನವನನ್ನೋ ಒಂದು ಮಾತು ಕೇಳಬೇಕು. ಅವರು ಬೇಡವೆಂದರೆ ಮರುಪ್ರಶ್ನೆಯಿಲ್ಲದೆ ಹಿಂದಿರುಗಬೇಕು.

ಬಂಗಲೆಗಳನ್ನು ನಡೆಸುವವರಿಗೂ ಒಂದು ಸಲಹೆ ಸಲ್ಲುತ್ತದೆ. ಫಲಕವನ್ನು ಇಳಿಸಿ ಹೊಸದಾಗಿ ಬರೆಸಲಿ. ಮೊದಲ ಸಾಲಿನಲ್ಲಿ, ಅತಿಥಿಗಳನ್ನು ಕಾಯಿಸದೆ ಕೂಡಿಸಿ ನೀರು ಕೊಡುವುದು ನಮ್ಮ ಹೊಣೆ ಎಂದಿರಲಿ. ಎರಡನೆಯ ಸಾಲು ದೊಡ್ಡ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿ ಇರಲಿ: ಮೇಲೆ ಅಣೆಕಟ್ಟಿದೆ, ನೀರು ಸದ್ದಿಲ್ಲದೆ ಏರುತ್ತದೆ, ಬಂಡೆಯ ಮೇಲಿನ ಬಿಳಿಯ ಗೆರೆಯನ್ನು ನೋಡಿರಿ. ಸಾಬೂನಿನ ಮಾತನ್ನೂ ಮೊಳೆಯ ಮಾತನ್ನೂ ಅತಿಥಿಯ ವಿವೇಕಕ್ಕೆ ಬಿಡಲಿ. ಒಂದೆರಡು ಸಾಬೂನುಗಳು ಹೋದಾವು, ಹೋಗಲಿ.